ಗಂಗುಲ ಬಂದುಹೋದ ದಿನ

ಅರ್ಧ ಪಾತ್ರೆ ತುಂಬುವ ಹೊತ್ತಿಗೆ ಅಮ್ಮಾಜಮ್ಮನ ಹೆಬ್ಬೆರಳ ಉಗುರಿನ ಸಂದು ಉರಿಯತೊಡಗಿತ್ತು. ರಾತ್ರಿಯೇ ನೆನೆಹಾಕಿದ್ದ ಅವರೆಕಾಳು. ಎರಡು ಬೆರಳಿನ ನಡುವೆ ಹಿಸುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಬೀಳಬೇಕು. ಇವತ್ತು ಮೂರಕ್ಕೊಂದು ಪಾತ್ರೆ ಬಿಟ್ಟು ಆಚೆ ಹಾರುತ್ತಿತ್ತು. ಒಂದು ಫ್ರಿಜ್ಜಿನ ಕೆಳಗೆ ಹೋಯಿತು, ಇನ್ನೊಂದು ಬಾಗಿಲ ಬಳಿಯಿದ್ದ ಸೊಸೆಯ ಚಪ್ಪಲಿಯೊಳಗೆ ಹೋಗಿ ಕೂತಿತು. ಬಗ್ಗಿ ಹೆಕ್ಕೋಣವೆಂದರೆ ಸೊಂಟ ಒಪ್ಪುತ್ತಿರಲಿಲ್ಲ, ಹೋಗಲಿ ಬಿಡು ಎನ್ನಲು ಮನಸ್ಸು ಒಪ್ಪುತ್ತಿರಲಿಲ್ಲ. ಸೊಸೆ ಗೌತಮಿ ಆಸ್ಪತ್ರೆಯ ಡ್ಯೂಟಿಗೆ ಹೊರಡುವಾಗ ಆ ಚಪ್ಪಲಿ ಬಿಟ್ಟು ಬೇರೆಯದು ಮೆಟ್ಟಿಕೊಂಡು, "ಅತ್ತೆ, ಯಾಕಷ್ಟು ಒದ್ದಾಡ್ತೀರಾ? ಬರೋರು ಎಲ್ಲಾದ್ರೂ ಹೋಟ್ಲಲ್ಲಿ ತಿಂತಾರೆ ಬಿಡಿ," ಎಂದು ಹೇಳಿ ಹೋಗಿದ್ದಳು. ಹೋಟ್ಲಲ್ಲಿ ತಿನ್ನುವುದಾದರೆ ನಿನ್ನೆ ಕಾಳು ನೆನೆಹಾಕುವಾಗಲೇ ಹೇಳಬಹುದಿತ್ತು, ಎದುರಿಗೇ ಕೂತು ಟೀವಿ ನೋಡುತ್ತಿದ್ದಳಲ್ಲ. ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳುವವರು ಈ ಮನೆಯಲ್ಲಿ ಒಬ್ಬರೂ ಇಲ್ಲ ಎಂದುಕೊಂಡಳು. ಎಂದುಕೊಂಡ ತಕ್ಷಣ ಆ ಮಾತು ತಿರುಗಿ ತನ್ನ ಮೇಲೇ ಬಿದ್ದ ಹಾಗಾಗಿ ಇನ್ನೊಂದು ಕಾಳು ಹಾರಿತು.

ಫೋನು ಬಡಿದುಕೊಂಡಿತು. ಲೋಳೆ ಕೈಯಲ್ಲಿ ಮುಟ್ಟುವ ಹಾಗಿಲ್ಲ, ಬೆರಳಿನ ಗೆಣ್ಣಿನಿಂದ ಒತ್ತಿದಳು. ಬೆಳಗಿನ ಐದಕ್ಕೇ ಕಾರು ತೆಗೆದುಕೊಂಡು ಹೋಗಿದ್ದ ಮಗ ಮುನೇಶ್, ಗೌರಿಬಿದನೂರಿನಿಂದ ಕೂಗುತ್ತಿದ್ದ. "ಅಮ್ಮಾ, ಟ್ರೈನು ಬಂತು. ಚಿಕ್ಕಮ್ಮ ಚೆನ್ನಾಗವ್ರೆ. ಸ್ಟೇಷನ್ ಹತ್ರಾನೇ ಇಡ್ಲಿ ತಿಂತಾ ಇದೀವಿ. ಸಿದ್ಧಾರ್ಥ್ ವಿದುರಾಶ್ವತ್ಥ ನೋಡ್ಬೇಕಂತೆ, ನೋಡ್ಕೊಂಡು ಬರ್ತೀವಿ."

"ಮರ ನೋಡಕ್ಕೆ ಬುದ್ಧಗಯಾಕ್ಕೇ ಹೋಗ್ತಾ ಇದಾಳಲ್ಲೋ ಅವಳು, ದಾರೀಲಿ ಇನ್ನೊಂದು ಮರ ಯಾಕೋ?"

"ಅಮ್ಮಾ, ಅವರ ಹತ್ರ ಲಿಸ್ಟ್ ಐತೆ," ಎಂದು ಮಗ ನಕ್ಕು ಫೋನಿಟ್ಟ.

ಲಿಸ್ಟು. ಗಂಗುಲಮ್ಮ ಈ ಕಡೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಅಮ್ಮಾಜಮ್ಮನ ಓರಗಿತ್ತಿ ಅವಳು, ಗಂಡನ ತಮ್ಮ ಕೆಂಪರಾಜುವಿನ ಹೆಂಡತಿ. ಕೆಂಪರಾಜು ರೈಲ್ವೆ ಕೆಲಸಕ್ಕೆಂದು ಕಲಬುರಗಿಗೆ ಹೋದವನು ಅಲ್ಲೇ ನಿಂತು ಅಲ್ಲೇ ತೀರಿಕೊಂಡ; ಈಗ ಮಗಳು ತನುಜ, ಅಳಿಯ ಸಿದ್ಧಾರ್ಥ್ ಸೇರಿ ಗಂಗುಲಮ್ಮನನ್ನು ಬುದ್ಧಗಯೆಗೆ ಕರೆದುಕೊಂಡು ಹೊರಟಿದ್ದರು. ರೈಲು ಬೆಳಿಗ್ಗೆ, ದೇವನಹಳ್ಳಿಯಿಂದ ವಿಮಾನ ಸಂಜೆ ಏಳಕ್ಕೆ. ನಡುವಿನ ಹೊತ್ತೆಲ್ಲ ಚಿಕ್ಕಬಳ್ಳಾಪುರದಲ್ಲಿ ಎಂದು ಗೊತ್ತಾದ ದಿನದಿಂದ ಅಮ್ಮಾಜಮ್ಮ ಆ ಹೊತ್ತನ್ನು ತನ್ನದೆಂದೇ ಲೆಕ್ಕ ಹಾಕಿದ್ದಳು. ಇಡೀ ದಿನ ಬೇಡ, ಕಾಲು ಗಂಟೆ ಸಾಕು. ಗಂಗುಲನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿ ಮಾತು ಹೇಳಿಬಿಡುವುದು. ಬಾಯಲ್ಲಿ ಹೊರಡದಿದ್ದರೆ ಓದಿ ಹೇಳಲಿಕ್ಕಿರಲಿ ಎಂದು ಕೈಚೀಲದಲ್ಲಿ ಕಾಗದವನ್ನೂ ಇಟ್ಟುಕೊಂಡಿದ್ದಳು. ಎರಡು ಹಾಳೆಯ ಕಾಗದ, ಎಂಟು ವರ್ಷದ್ದು. ಗಂಡ ಹೋದ ಮೇಲೆ ಅಂಗನವಾಡಿಯಲ್ಲಿ ಸಂಜೆ ಮೇಲೆ ನಡೆಯುತ್ತಿದ್ದ ಅಕ್ಷರದ ಕ್ಲಾಸಿಗೆ ಹೋಗಿದ್ದಳಲ್ಲ, ಅಲ್ಲಿ ಮಾಲಾ ಮೇಡಂ ಎಲ್ಲರಿಗೂ, ನಿಮಗೆ ಬೇಕಾದವರಿಗೆ ಒಂದು ಪತ್ರ ಬರೀರಿ ಎಂದಿದ್ದರು. ಮೇಡಂಗೆ ತೋರಿಸಲು ಅಣ್ಣನಿಗೆ ಕ್ಷೇಮ ಸಮಾಚಾರ ಬರೆದಳು. ಮನೆಗೆ ಬಂದು ಗಂಗುಲನಿಗೆ ಬರೆದಳು. ಅಂಚೆಗೆ ಹಾಕಲಿಲ್ಲ. ಯಾಕೆಂದರೆ ಗಂಗುಲನಿಗೆ ಓದಲು ಬಾರದು. ಕಾಗದ ಹೋದರೆ ಮೊದಲು ಓದುವವಳು ತನುಜ, ಆಮೇಲೆ ಅವಳ ಗಂಡ, ಆಮೇಲೆ ಅವರ ಬೀದಿ. ಫೋನಿನಲ್ಲಾದರೆ ಅವರ ಮನೆಯಲ್ಲಿ ಯಾವಾಗಲೂ ಸ್ಪೀಕರು, ಎಲ್ಲರ ಕಿವಿಗೂ ಬೀಳುತ್ತದೆ.

ನಲವತ್ತೆರಡು ವರ್ಷದ ಕೆಳಗೆ, ಜಂಗಮಕೋಟೆಯ ಅತ್ತೆಮನೆಯಲ್ಲಿ, ರೇಷ್ಮೆ ಹುಳುಗಳಿಗೆ ನಾಲ್ಕನೇ ಜ್ವರ, ಎಂದರೆ ಕೊನೆಯ ಸಲ ಪೊರೆ ಬಿಡುವುದು, ಕಳೆದು ಸೊಪ್ಪು ಹಾಕಿದಷ್ಟೂ ತಿನ್ನುತ್ತಿದ್ದ ದಿನಗಳು. ಇನ್ನು ಐದಾರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಹುಳು ಮನೆಗೂ ಅವಳು ಮಲಗುವ ಜಾಗಕ್ಕೂ ನಡುವೆ ಗೋಣಿತಾಟಿನ ಮರೆ ಅಷ್ಟೇ. ಮುನೇಶ ಎಂಟು ತಿಂಗಳ ಕೂಸು, ಮೈ ಕೆಂಡ, ಮೈಮೇಲೆಲ್ಲ ಸೊಳ್ಳೆ ಕಚ್ಚಿದ ಗಂಟು. ಅಣ್ಣ ಬೆಂಗಳೂರಿನಿಂದ ತಂದುಕೊಟ್ಟಿದ್ದ ಸೊಳ್ಳೆ ಬತ್ತಿಯನ್ನು ಸಂಜೆ ಮುಂದೆ ಹಚ್ಚಿ ಮಂಚದ ಕೆಳಗಿಟ್ಟಳು. ಅದೇ ಸಂಜೆ, ಕೂಸು ತೊಡೆ ಬಿಟ್ಟು ಇಳಿಯದೆ ಇದ್ದಾಗ, ಮೂರನೇ ದಿನದ ಮುಟ್ಟಿನಲ್ಲಿ ಹೊರಗೆ ಕೂತಿದ್ದ ಗಂಗುಲನನ್ನು ಕರೆದು, ಒಂದು ಮಂಕರಿ ಸೊಪ್ಪು ಒಳಗಿಟ್ಟು ಬಂದ್ಬಿಡೇ, ಯಾರೂ ನೋಡಲ್ಲ, ಎಂದಳು. ಬೆಳಿಗ್ಗೆ ಹುಳು ಮನೆಯಲ್ಲಿ ಸದ್ದಿರಲಿಲ್ಲ. ತಟ್ಟೆ ತಟ್ಟೆಯಲ್ಲೂ ಹುಳುಗಳು ಹಸಿರು ಕಕ್ಕಿಕೊಂಡು ಮುರುಟಿ ಬಿದ್ದಿದ್ದವು. ಅವಳು ಮೊದಲು ಮಾಡಿದ ಕೆಲಸವೆಂದರೆ ಮಂಚದ ಕೆಳಗಿನ ಬೂದಿಯನ್ನು ಕೈಯಲ್ಲಿ ಬಳಿದು ಒಲೆಗೆ ಸುರಿದದ್ದು. ಅತ್ತೆ ಅಂಗಳದಲ್ಲಿ ನಿಂತು, ಯಾರೇ ಮುಟ್ಟಾಗಿ ಒಳಗೆ ಹೋದವಳು, ಎಂದು ಕೂಗಿದರು. ಅರ್ಧ ಊರು ನೆರೆದಿತ್ತು. ಗಂಗುಲ, ನಾನೇ ಹೋದೆ, ಎಂದಳು. ಯಾರು ಹೋಗು ಅಂದರು ಎಂದು ಅತ್ತೆ ಕೇಳಿದಾಗ ಒಂದು ಸಲವೂ ಈ ಕಡೆ ನೋಡದೆ, ಯಾರೂ ಇಲ್ಲ, ನಾನೇ, ಎಂದಳು. ಅವತ್ತಿನಿಂದ ಜಂಗಮಕೋಟೆಯಲ್ಲಿ ಯಾರೂ ಅವಳನ್ನು ಸೊಪ್ಪು ಕೊಯ್ಯಲಿಕ್ಕೂ ಕರೆಯಲಿಲ್ಲ. ವರ್ಷ ತುಂಬುವಷ್ಟರಲ್ಲಿ ಗಂಡ ಹೆಂಡತಿ ಕಲಬುರಗಿಯ ಗಾಡಿ ಹತ್ತಿದ್ದರು. ಎಷ್ಟೋ ವರ್ಷದ ಮೇಲೆ ರೇಷ್ಮೆ ಇಲಾಖೆಯವರ ಸಭೆಯಲ್ಲಿ ಒಬ್ಬ ಸಾಹೇಬರು, ಮುಟ್ಟು ಗಿಟ್ಟು ಅಂತ ಹೆಂಗಸರನ್ನ ಆಚೆ ಕೂರಿಸಬೇಡಿ, ಅದರಿಂದ ಏನೂ ಆಗಲ್ಲ, ಸೊಳ್ಳೆ ಬತ್ತಿ ಮಾತ್ರ ಹತ್ತಿರ ಸೇರಿಸಬೇಡಿ, ಎಂದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಅಮ್ಮಾಜಮ್ಮನಿಗೆ ಹೊಸದೇನೂ ಕೇಳಿದ ಹಾಗಾಗಲಿಲ್ಲ.

ಹತ್ತೂವರೆಗೆ ಕಾರು ಬಂತು. ಗಂಗುಲ ಇಳಿಯುವ ಮೊದಲೇ, "ಅಕ್ಕಾ, ಬಾಗುನ್ನಾವಾ?" ಎಂದು ಕೂಗಿದಳು, ಚಿಂತಾಮಣಿ ಕಡೆಯವಳು, ಖುಷಿಯಾದರೆ ಚೆನ್ನಾಗಿದೀಯಾ ಎನ್ನಲೂ ತೌರಿನ ತೆಲುಗೇ ಬರುತ್ತದೆ. ತೆಳ್ಳಗಾಗಿದ್ದಳು. ಮುಂದಿನ ಹಲ್ಲು ಎರಡಿಲ್ಲ. ತಬ್ಬಿಕೊಂಡಾಗ ರೈಲಿನ ಕಬ್ಬಿಣದ ವಾಸನೆ, ಕೊಬ್ಬರಿ ಎಣ್ಣೆ. "ಅವರೆಕಾಳು ಕೈ!" ಎಂದು ಅಮ್ಮಾಜಮ್ಮನ ಬೆರಳು ಮೂಸಿ ನಕ್ಕಳು. "ನನಗೋಸ್ಕರ ಹಿತುಕಿದ್ಯಾ?"

"ಇನ್ಯಾರಿಗೇ? ಬಾ ಒಳಗೆ. ಒಂದು ನಿಮಿಷ ಕೋಣೆಗೆ ಬಾ, ನಿನ್ಹತ್ರ ಒಂದು..."

"ದೊಡ್ಡಮ್ಮ, ಚಾರ್ಜಿಂಗ್ ಎಲ್ಲಿ ಹಾಕ್ಬೇಕ್ರಿ?" ಸಿದ್ಧಾರ್ಥ್ ಬಾಗಿಲಲ್ಲಿ ನಿಂತಿದ್ದ. ಒಳ್ಳೆಯ ಮುಖದ ಹುಡುಗ, ಗಲ್ಲದ ಮೇಲೆ ಚಟ್ನಿ. ಚಾರ್ಜಿಂಗು ಹಾಕಿದ್ದಾಯಿತು. ತನುಜ ಬಚ್ಚಲಿಗೆ ಹೋಗಿ ಬಂದಳು, ಗಂಗುಲ ಹೋದಳು, ಅವನು ಹೋದ. ಅಮ್ಮಾಜಮ್ಮ ತಟ್ಟೆಗಳನ್ನು ತೊಳೆದು ಬೋರಲು ಹಾಕಿದಳು. "ಒಂದು ಗಂಟೆಗೆಲ್ಲ ಬಿಸಿ ಮುದ್ದೆ ಮಾಡ್ತೀನಿ, ಹಿತಕಿದ ಬೇಳೆ ಸಾರು," ಎಂದಳು. ತನುಜ ಗಂಡನ ಮುಖ ನೋಡಿದಳು. ಗಂಡ ಫೋನು ನೋಡಿದ. ಪೇಟೆಯಲ್ಲೊಂದು ಮೆಸ್ಸು, ನಾಟಿಕೋಳಿ ಸಾರು ಮುದ್ದೆ, ಅದರ ವಿಡಿಯೊವನ್ನು ಎಷ್ಟೋ ಲಕ್ಷ ಜನ ನೋಡಿದ್ದಾರಂತೆ. ಮುದ್ದೆಯೇ ಅಂತೆ. ಇಲ್ಲಿ ಮನೆಯಲ್ಲಿ ಮಾಡುವುದನ್ನೇ ಅಲ್ಲಿ ಸಾಲು ನಿಂತು ತಿನ್ನಬೇಕಂತೆ. "ಬ್ಯಾಸರಾ ಮಾಡ್ಕೋಬ್ಯಾಡ್ರಿ ದೊಡ್ಡಮ್ಮ, ಇದು ಪಾರ್ಸಲ್ ತಗೊಂಡ್ ಹೋಗೂಣು. ಆದ್ರ ವಿಮಾನದಾಗ ಸಾರು ಬಿಡಂಗಿಲ್ರಿ." ಅಮ್ಮಾಜಮ್ಮ ಅಡಿಗೆ ಮನೆಗೆ ಹೋಗಿ ಮುದ್ದೆ ಕಟ್ಟಿ ಕ್ಯಾರಿಯರಿಗೆ ತುಂಬಿದಳು. ಕೈ ಸುಟ್ಟಿತು. ಬೇಕೆಂದೇ ಸುಡಿಸಿಕೊಂಡ ಹಾಗೆ ಇತ್ತು. ಮನೆಯಲ್ಲಿ ಅವರು ಇದ್ದದ್ದು ಹದಿನೆಂಟು ನಿಮಿಷ. ಗೋಡೆಯ ಗಡಿಯಾರ ಎದುರಿಗೇ ಇತ್ತು.

ಅಮ್ಮಾಜಮ್ಮನೂ ಅವರ ಜೊತೆ ಕಾರು ಹತ್ತಿದಳು. ನಂದಿಯಲ್ಲಿ ಬೆಟ್ಟದ ಕೆಳಗಿನ ಹಳೇ ದೇವಸ್ಥಾನಕ್ಕೆ ಹೋದರು. "ಪೂಜಾಕ್ಕಲ್ರಿ, ಕಲ್ಲಿನ ಕೆಲಸ ನೋಡಾಕ," ಎಂದು ಸಿದ್ಧಾರ್ಥ್ ಯಾರೂ ಕೇಳದೆಯೇ ಹೇಳಿದ. ಒಂದೊಂದು ಕಂಬಕ್ಕೂ ನಿಲ್ಲಿಸಿ ಫೋಟೊ ತೆಗೆದ. ಅತ್ತೀ ಹೀಂಗ ತಿರುಗ್ರಿ, ದೊಡ್ಡಮ್ಮ ಸ್ವಲ್ಪ ನಗ್ರಿ. ನಗುವುದು ಹೇಗೆ? ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ಆ ಚೀಲ ಪಕ್ಕಕ್ಕಿಡ್ರಿ ಎಂದಾಗ ಇನ್ನೂ ಬಿಗಿಯಾಗಿ ಹಿಡಿದಳು. ಕಲ್ಯಾಣಿಯ ಮೆಟ್ಟಿಲ ಮೇಲೆ ಗಂಗುಲ ಕಾಲು ನೋವೆಂದು ಕೂತಾಗ ತಾನೂ ಪಕ್ಕದಲ್ಲಿ ಕೂತಳು. ನೀರು ಹಸಿರಾಗಿತ್ತು. ಆ ಹಸಿರು ಅವಳಿಗೆ ಬೇಡವಾಗಿತ್ತು, ಆದರೂ ಅದನ್ನೇ ನೋಡಿದಳು. ಅವತ್ತು ಅತ್ತೆ ಹುಳು ಸತ್ತ ತಟ್ಟೆಗಳನ್ನು ತಿಪ್ಪೆಗೆ ಕೊಡವುತ್ತಾ ಒಂದೊಂದು ತಟ್ಟೆಗೂ ಗಂಗುಲನ ತೌರನ್ನು ಬಯ್ಯುತ್ತಿದ್ದರು, ಗಂಗುಲ ಬೇಲಿಯಾಚೆ ನಿಂತು ಕೇಳುತ್ತಿದ್ದಳು, ತಾನು ಕೂಸಿಗೆ ಹಾಲು ಕೊಡುತ್ತಾ ಒಳಗೆ. ಕೂಸಿನ ಜ್ವರ ಅವತ್ತು ಇಳಿದಿತ್ತು. ಇಳಿದದ್ದಕ್ಕೆ ಖುಷಿಯಾಗಿತ್ತು, ಅದು ಸುಳ್ಳಲ್ಲ.

"ಗಂಗುಲ, ನೋಡೇ, ಆವತ್ತು..."

"ದೊಡ್ಡಮ್ಮ, ಇಲ್ಲಿ ಬರ್ರಿ, ಇಲ್ಲಿ ಬೆಳಕು ಮಸ್ತ್ ಅದ!"

"ಆ ಹುಡುಗನ ಕೈಯಿಂದ ಯಾರಾದ್ರೂ ಆ ಫೋನು ಕಿತ್ಕೊಂಡು ಕಲ್ಯಾಣಿಗೆ ಹಾಕ್ತಾರಾ?" ಎಂದು ಅಮ್ಮಾಜಮ್ಮ ಜೋರಾಗಿಯೇ ಅಂದಳು. ಗಂಗುಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಇರ್ಲಿ ಬಿಡಕ್ಕ. ನನ್ನ ಇಲ್ಲೀತನಕ ಕರ್ಕೊಂಡು ಬಂದವ್ನೆ. ನಿನ್ನ ತೋರಿಸ್ದ. ಸಾಕು."

ಮೆಸ್ಸಿನಲ್ಲಿ ಮುಕ್ಕಾಲು ಗಂಟೆ ಕಾದರು. ತಿನ್ನುವವರ ಬೆನ್ನ ಹಿಂದೆ ನಿಂತು, ಅವರು ಯಾವಾಗ ಕೈ ತೊಳೆಯಲು ಏಳುತ್ತಾರೋ ಎಂದು ನೋಡುತ್ತಾ ಕಾಯುವುದು. ಇಂಥ ಅವಮಾನಕ್ಕೆ ಹೊಟ್ಟೆಪಾಡಿನವರೂ ಒಪ್ಪಲಾರರು, ಇವರು ಆಸೆಪಟ್ಟು ಬಂದಿದ್ದಾರೆ. ಕೊನೆಗೆ ಜಾಗ ಸಿಕ್ಕಿತು. ಮುದ್ದೆ ಚೆನ್ನಾಗಿಯೇ ಇತ್ತು, ಅದೂ ಅವಳಿಗೆ ಕೋಪ ಬರಿಸಿತು. ಸಾರಿನಲ್ಲಿ ಮೆಣಸು ಹದವಾಗಿ ನಿಂತಿತ್ತು, ಕೋಳಿ ಬೆಂದಿತ್ತು. ಎದುರಿಗೆ ಮುನೇಶ್ ಎರಡನೇ ಮುದ್ದೆ ಹಾಕಿಸಿಕೊಂಡ. ಸರ್ವೆ ಇಲಾಖೆಯಲ್ಲಿ ಊರೂರು ಅಳೆಯುವ ಮಗ, ನಲವತ್ತಮೂರು ವರ್ಷ, ಹೊಟ್ಟೆ ಬಂದಿದೆ. ಇವನಿಗೋಸ್ಕರ. ಇವನು ಮೂಳೆ ಚೀಪುವುದನ್ನು ನೋಡುತ್ತಾ ಅವಳಿಗೆ ಒಂದು ಕ್ಷಣ ತನ್ನ ಮಗನ ಮೇಲೇ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯೂ ಬಂತು.

"ದೊಡ್ಡಮ್ಮ, ಒಂದ್ ಮಾತು ಹೇಳ್ಲಾ?" ತನುಜ ಬೆರಳು ನೆಕ್ಕುತ್ತಾ ಹೇಳಿದಳು. "ನಮ್ಮವ್ವ ನಿಮ್ಮ ಊರಿಂದ ಒಂದ್ ದೊಡ್ಡ ಸಂಪತ್ತು ತಂದಾಳ. ನನಗ ಈಗ್ಲೂ ಆ ಮೂರು ದಿನ ಗುಲಾಬಿ ಕುಂಡದ ಹತ್ರ ಹೋಗಾಕ ಬಿಡಂಗಿಲ್ಲ. ಗಿಡ ಸಾಯ್ತಾವಂತ. ನಾ ಕಾಲೇಜ್‌ನ್ಯಾಗ ಬಾಟನಿ ಪಾಠ ಮಾಡ್ತೀನ್ರಿ!"

ಸಿದ್ಧಾರ್ಥ್ ಜೋರಾಗಿ ನಕ್ಕ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

"ನಗು ನೀನು," ಗಂಗುಲ ಸಾರಿನಲ್ಲಿ ಮುದ್ದೆ ಹೊರಳಿಸುತ್ತಾ ಮೆಲ್ಲಗೆ ಹೇಳಿದಳು. "ನನ್ನ ಕೈಯಾರೆ ಆಗಿದ್ದು ನನಗೆ ಗೊತ್ತು. ನಾಳೆ ಊರಲ್ಲಿ ಬಿಟ್ಟು ಬಂದಿರೋ ನಿನ್ನ ಮಗಳು ದೊಡ್ಡೋಳಾಗ್ತಾಳೆ, ಅವಳಿಗೂ ಹೇಳ್ಕೊಡ್ತೀನಿ."

"ಅಂಥಾದ್ದೆಲ್ಲ ಏನೂ ಇಲ್ಲ ಕಣೇ," ಎಂದಳು ಅಮ್ಮಾಜಮ್ಮ. ಧ್ವನಿ ಬೇಕಾದ್ದಕ್ಕಿಂತ ಗಟ್ಟಿಯಾಯಿತು. "ಇಲಾಖೆಯವ್ರೇ ಹೇಳವ್ರೆ. ಮುಟ್ಟಿಗೂ ಹುಳೂಗೂ ಸಂಬಂಧ ಇಲ್ಲ ಅಂತ."

"ಇಲಾಖೆಯವ್ರು ಬಂದಿದ್ರಾ ಅಕ್ಕ ಅವತ್ತು ನಮ್ಮನೇಗೆ?" ಗಂಗುಲ ತಲೆ ಎತ್ತಿ ನೋಡಿದಳು. ಆ ನೋಟದಲ್ಲಿ ಏನೂ ಇರಲಿಲ್ಲ, ಅದೇ ಕಷ್ಟ. ಏನಾದರೂ ಇದ್ದಿದ್ದರೆ, ಒಂದಿಷ್ಟು ಅನುಮಾನ, ಒಂದಿಷ್ಟು ಕಹಿ, ಅದನ್ನು ಹಿಡಿದು ಮಾತು ಶುರುಮಾಡಬಹುದಿತ್ತು. "ನಾನು ಗಯಾದಲ್ಲಿ ಆ ಮರದ ಕೆಳಗೆ ಕೂತ್ಕೊಂಡು ಆ ಹುಳುಗಳ್ಗೆ ತಪ್ಪಾಯ್ತು ಅಂತೀನಿ. ಅದಕ್ಕೇ ಹೋಗ್ತಾ ಇರೋದು. ಇವ್ರು ಏನೇನೋ ತೋರಿಸ್ತಾರಂತೆ, ನನಗೆ ಅದೊಂದೇ ಬೇಕು."

ಅಮ್ಮಾಜಮ್ಮ ಲೋಟ ಎತ್ತಿ ನೀರು ಕುಡಿದಳು. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದು ಸಿದ್ಧಾರ್ಥ್‌ಗೆ ಮುನೇಶ್ ಹೇಳಿಕೊಡುತ್ತಿದ್ದ, ಅವನು ಹೀಂಗಾ ಹೀಂಗಾ ಎಂದು ಕೇಳುತ್ತಿದ್ದ.

ಆಮೇಲೆ ದ್ರಾಕ್ಷಿ ತೋಟದ ಬಳಿ ಕಾರು ನಿಲ್ಲಿಸಿ ದ್ರಾಕ್ಷಿ, ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಹತ್ತಿರ ಬಿಸಿ ಬೋಂಡಾ, ಅದರ ಮೇಲೆ ಚಹಾ. ಇಷ್ಟು ತಿನ್ನುವ ಹೊಟ್ಟೆ ಇವರಿಗೆಲ್ಲಿಂದ ಬಂತು? ಒಂದು ಮಾತಿಗೆ ಜಾಗವಿಲ್ಲ, ಬೋಂಡಾಕ್ಕೆ ಜಾಗವಿದೆ. ವಿಮಾನ ನಿಲ್ದಾಣಕ್ಕೆ ನೇರ ದಾರಿ ಹಿಡಿಯದೆ ಜಂಗಮಕೋಟೆಯ ಮೇಲೆ ಹೋಗೋಣ, ರೇಷ್ಮೆ ಹುಳು ತೋರಿಸ್ರಿ, ಸೀರಿ ಉಡೂದು ನೋಡೀವಿ, ಹುಳಾ ನೋಡಿಲ್ಲ, ಎಂದು ಹಟ ಹಿಡಿದವನೂ ಸಿದ್ಧಾರ್ಥ್‌ನೇ. ಮುನೇಶನಿಗೆ ಗೊತ್ತಿರುವ ಕೋನಪ್ಪ ಎನ್ನುವವರ ಹುಳು ಮನೆ ಊರಿನಿಂದಾಚೆ ರಸ್ತೆಗೇ ಇತ್ತು. ತಗಡಿನ ಚಾವಣಿ, ಹಸಿರು ಬಲೆಯ ಕಿಟಕಿ, ಬಾಗಿಲ ಬಳಿ ಸುಣ್ಣದ ಪುಡಿ ಹಾಕಿದ ತಟ್ಟೆ, ಒಳಗೆ ಹೋಗುವವರು ಕಾಲು ಅದರಲ್ಲಿಟ್ಟು ಹೋಗಬೇಕು. ಎಲ್ಲರೂ ಇಳಿದರು. ಗಂಗುಲ ಇಳಿಯಲಿಲ್ಲ.

"ಬಾರಮ್ಮ, ನಾವೇನೂ ಅನ್ಕೊಳಲ್ಲ," ಕೋನಪ್ಪ ಕಾರಿನ ತನಕ ಬಂದು ಕರೆದರು. "ಎಲ್ಲಾರೂ ಬಂದು ನೋಡ್ತಾರೆ."

"ಬ್ಯಾಡಪ್ಪ. ಚೆನ್ನಾಗಿ ಬಂದೈತೆ ಬೆಳೆ, ಸದ್ದು ಇಲ್ಲಿಗೇ ಕೇಳ್ತದೆ. ನನ್ನ ಕೈ ಒಳ್ಳೇದಲ್ಲ." ಅರವತ್ತೊಂದು ವರ್ಷದ ಹೆಂಗಸು ಕಾರಿನ ಗಾಜನ್ನು ಮೇಲಕ್ಕೆ ಏರಿಸಿ ಕೂತಳು, ತನ್ನ ಉಸಿರೂ ಆ ಕಡೆ ಹೋಗದಿರಲಿ ಎನ್ನುವ ಹಾಗೆ.

ಅಮ್ಮಾಜಮ್ಮನೂ ಇಳಿಯಲಿಲ್ಲ. ಎಲ್ಲರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಕಾರಿನಲ್ಲಿ ಇಬ್ಬರೇ. ಬೆಳಗಿನಿಂದ ಅವಳು ಹುಡುಕಿದ ಕಾಲು ಗಂಟೆ, ಅಷ್ಟೂ, ಗಾಜು ಮುಚ್ಚಿ, ಕೈಗೆ ಬಂದಿತ್ತು. ಫೋಟೊ ಇಲ್ಲ, ಫೋನಿಲ್ಲ, ಹುಡುಗ ಇಲ್ಲ. ದೂರದಲ್ಲಿ ಹಿಪ್ಪುನೇರಳೆ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ಅವಳು ಚೀಲದ ಬಾಯಿ ಬಿಚ್ಚಿದಳು.

"ಅಕ್ಕ, ಸಾರು ಇಲ್ಲೇ ತಿಂದ್ಬಿಡ್ತೀನಿ," ಗಂಗುಲ ಹೇಳಿದಳು. "ವಿಮಾನದಲ್ಲಿ ಬಿಡಲ್ವಂತೆ. ಅಲ್ಲಿ ಎತ್ತಿ ಬಿಸಾಡ್ಸಿದ್ರೆ ನನಗೆ ಸಂಕಟ ಆಗ್ತದೆ." ಕ್ಯಾರಿಯರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಆರಿಹೋದ ಮುದ್ದೆ ಮೇಲೆ ಬಿರುಕು ಬಿಟ್ಟಿತ್ತು. ಹೊಟ್ಟೆ ತುಂಬಿದ್ದವಳು, ಆದರೂ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದಳು. "ಅಯ್ಯೋ ತಲ್ಲಿ, ಇದೇ. ಇದೇ ರುಚಿ. ಕಲಬುರಗೀಲಿ ಎಷ್ಟು ಮಾಡಿದ್ರೂ ಬರಲ್ಲ. ಇದಕ್ಕೇನು ಹಾಕ್ತೀಯಾ ನೀನು?"

ಈಗ, ಎಂದುಕೊಂಡಳು ಅಮ್ಮಾಜಮ್ಮ. ಈಗಲೇ. ಬಾಯಿ ತೆರೆದಳು.

"ಗಸಗಸೆ," ಎಂದಳು. "ಸ್ವಲ್ಪ ಚಕ್ಕೆ. ಕೊಬ್ಬರಿ ಹುರಿದು ರುಬ್ಬಬೇಕು, ಹಸಿ ಕಾಯಿ ಹಾಕ್ಬಾರ್ದು." ಅವಳದೇ ಧ್ವನಿ, ಬೇರೆ ಯಾರೋ ಮಾತಾಡುತ್ತಿರುವ ಹಾಗೆ ಕೇಳುತ್ತಿತ್ತು. ಕಾಳು ಎಷ್ಟು ಹೊತ್ತು ನೆನೆಯಬೇಕು ಎಂದು ಹೇಳಿದಳು. ಸೊಗಡಿನ ಅವರೆಕಾಯಿ ಈ ಸಲ ಎಷ್ಟು ತಡವಾಗಿ ಬಂತು ಎಂದು ಹೇಳಿದಳು. ಚಪ್ಪಲಿಯೊಳಗೆ ಬಿದ್ದ ಕಾಳಿನ ಕಥೆ ಹೇಳಿದಳು, ಗಂಗುಲ ನಕ್ಕಳು. ತಿನ್ನುತ್ತಿರುವವಳ ಎದುರು ಆ ಮಾತು ಹೇಗೆ ಆಡಲಿ, ತಿಂದಾಗಲಿ, ಎಂದು ಒಳಗೊಬ್ಬಳು ಹೇಳುತ್ತಿದ್ದಳು. ತಿಂದಾಯಿತು. ಕೈ ತೊಳೆಯಲಿ. ಬಾಟಲಿಯ ನೀರು ಸುರಿದು ಕೈ ತೊಳೆಸಿದ್ದೂ ಆಯಿತು. ಗಂಗುಲ ಸೆರಗಿಗೆ ಕೈ ಒರೆಸಿಕೊಂಡು, ಕಿಟಕಿಯಾಚೆ ಆ ತಗಡಿನ ಮನೆಯನ್ನು ನೋಡುತ್ತಾ, "ಎಷ್ಟು ದಪ್ಪ ಇದ್ವು ಅಕ್ಕ ನಮ್ಮ ಹುಳು ಆ ಸಲ," ಎಂದಳು. ಬಾಗಿಲೇ ತೆರೆದುಕೊಟ್ಟ ಹಾಗೆ. ಅಮ್ಮಾಜಮ್ಮ, "ಹೂಂ," ಎಂದಳು. ಅಷ್ಟೇ ಎಂದಳು. ಹುಳು ಮನೆಯ ಬಾಗಿಲು ತೆರೆಯಿತು, ಸಿದ್ಧಾರ್ಥ್ ಅಂಗೈಯಲ್ಲಿ ಒಂದು ಹುಳು ಇಟ್ಟುಕೊಂಡ ಫೋಟೊ ತೋರಿಸುತ್ತಾ ಓಡಿ ಬಂದ.

ದೇವನಹಳ್ಳಿಯ ದಾರಿಯಲ್ಲಿ ಅವಳು ಚೀಲದ ಬಾಯಿಯನ್ನು ಮತ್ತೆ ಕಟ್ಟಿದಳು. ಬೆಳಗಿನಿಂದ ಬಯ್ದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ನೋಡಿದಳು: ಸೊಸೆ, ಲಿಸ್ಟು, ಚಾರ್ಜಿಂಗು, ಮೆಸ್ಸಿನ ಸಾಲು, ಬೋಂಡಾ. ಯಾರ ಮೇಲೂ ಬಯ್ಗುಳ ನಿಲ್ಲಲಿಲ್ಲ. ಹುಡುಗ ಇವತ್ತು ಅಡ್ಡ ಬಂದ. ನಿನ್ನೆಯವರೆಗಿನ ನಲವತ್ತೆರಡು ವರ್ಷ ಯಾರು ಅಡ್ಡ ಬಂದಿದ್ದರು? ಅತ್ತೆ ಸತ್ತೇ ಇಪ್ಪತ್ತೈದು ವರ್ಷ. ಕೆಂಪರಾಜು ತೀರಿಕೊಂಡಾಗ ಕಲಬುರಗಿಗೆ ಹೋಗಿ ಮೂರು ದಿನ ಗಂಗುಲನ ಪಕ್ಕದಲ್ಲೇ ಮಲಗಿದ್ದಳು, ಒಂದೇ ಕಂಬಳಿಯಲ್ಲಿ, ಆಗ? ಹನ್ನೊಂದು ವರ್ಷದ ಹಿಂದೆ ಅವಳು ಇಲ್ಲಿಗೆ ಬಂದಿದ್ದಾಗ? ಯಾರೋ ಕದ್ದುಕೊಂಡರು ಎಂದು ಕೂಗುತ್ತಾ, ಕದ್ದದ್ದನ್ನು ತಾನೇ ಮಡಿಲಲ್ಲಿಟ್ಟುಕೊಂಡು ಕೂತವಳ ಹಾಗೆ ಕಂಡಿತು ತನ್ನ ಇವತ್ತಿನ ಸಿಟ್ಟು. ಎಂಥ ಹೆಂಗಸು ನೀನು, ಎಂದು ತನಗೇ ಹೇಳಿಕೊಂಡಳು, ಗಸಗಸೆ ಅಂದೆಯಲ್ಲೇ.

ವಿಮಾನ ನಿಲ್ದಾಣದ ಗಾಜಿನ ಬಾಗಿಲ ಮುಂದೆ ಗಾಡಿ ನಿಲ್ಲಿಸಲು ಬಿಡುವುದು ಐದು ನಿಮಿಷ. ಗಂಗುಲ ಅವಳ ಎರಡೂ ಕೈ ಹಿಡಿದುಕೊಂಡು, "ನಿನ್ನ ಹೆಸರೂ ಹೇಳ್ತೀನಿ ಅಕ್ಕ ಮರದ ಕೆಳಗೆ, ಒಳ್ಳೇದಾಗ್ಲಿ ಅಂತ," ಎಂದಳು. ಸಿದ್ಧಾರ್ಥ್ ಕಾಲಿಗೆ ನಮಸ್ಕಾರ ಮಾಡಿದ. "ಭಾಳ ತ್ರಾಸ ಕೊಟ್ವಿ ದೊಡ್ಡಮ್ಮ." ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅವರು ಒಳಗೆ ಹೋದರು. ಗಾಜಿನಾಚೆ ಗಂಗುಲನ ನೀಲಿ ಸೀರೆ ಸ್ವಲ್ಪ ಹೊತ್ತು ಕಾಣುತ್ತಿತ್ತು.

ನಿಲ್ದಾಣ ದಾಟಿ, ಹೆದ್ದಾರಿಯ ಪಕ್ಕದ ಒಂದು ಚಹಾದಂಗಡಿ ಬಂದಾಗ, "ನಿಲ್ಸೋ," ಎಂದಳು. ಇಳಿ ಬಿಸಿಲು ಇನ್ನೂ ಚುರುಕಾಗಿತ್ತು. ಮುನೇಶ್ ಚಹಾ ಎಂದುಕೊಂಡ. ಅವಳು ಚೀಲದಿಂದ ಕಾಗದ ತೆಗೆದು ಕಾರಿನ ಬಾನೆಟ್ಟಿನ ಮೇಲೆ ಬಿಡಿಸಿದಳು. ಮಡಿಕೆ ಸವೆದು ಹಾಳೆ ಹರಿಯುವ ಹಾಗಿತ್ತು. ಎಷ್ಟೋ ದಿನದ ಮೇಲೆ ಓದಿದಳು, ಬೆರಳಿಟ್ಟು, ಸಾಲು ಸಾಲು. ಮೊದಲ ಹಾಳೆ ಪೂರ್ತಿ ಕೂಸಿನ ಜ್ವರ, ಸೊಳ್ಳೆಯ ಕಾಟ, ಅತ್ತೆಯ ಬಾಯಿ, ತಾನು ಆಗ ಎಷ್ಟು ಚಿಕ್ಕವಳು, ಎಷ್ಟು ಹೆದರಿದ್ದೆ ಎನ್ನುವುದು. ಒಂದು ಇಡೀ ಹಾಳೆ. ಅದನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದಳು. ಎರಡನೆಯದರಲ್ಲಿ ಅರ್ಧ ಪುಟ ಮಾತ್ರ ಇತ್ತು.

"ಪೆನ್ನು ಕೊಡು," ಎಂದಳು. ಮಗ ಜೇಬಿನ ಪೆನ್ನು ಕೊಟ್ಟ. ಬಾನೆಟ್ಟಿನ ಬಿಸಿಗೆ ಮಣಿಕಟ್ಟು ಸುಡುತ್ತಿತ್ತು. ಕೆಳಗೆ ನಾಲ್ಕು ಸಾಲು ಬರೆದಳು, ಒಂದೊಂದು ಅಕ್ಷರಕ್ಕೂ ನಿಂತು. ಆಮೇಲೆ ಹಾಳೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, "ಇದರ ಫೋಟೊ ತೆಗ್ದು ತನುಜನ ಫೋನಿಗೆ ಕಳ್ಸು. ಅವ್ರು ವಿಮಾನ ಹತ್ತೋದ್ರೊಳಗೆ," ಎಂದಳು.

"ಏನಮ್ಮ ಇದು?"

"ಓದ್ಕೊ. ನಿನಗೂ ಕಣ್ಣೈತಲ್ಲ."

ಅವನು ಬಗ್ಗಿ ಓದಿದ. ಲಾರಿಗಳು ಹೋಗುತ್ತಿದ್ದವು, ಒಂದೊಂದು ಲಾರಿಗೂ ಹಾಳೆಯ ಅಂಚು ಅವಳ ಬೆರಳ ಕೆಳಗೆ ಪಟಪಟ ಎನ್ನುತ್ತಿತ್ತು.

ಗಂಗುಲ, ಹುಳು ಸತ್ತಿದ್ದು ನಿನ್ನಿಂದ ಅಲ್ಲ. ಗೋಣಿತಾಟಿನ ಈ ಕಡೆ ಸೊಳ್ಳೆ ಬತ್ತಿ ಹಚ್ಚಿದ್ದು ನಾನು. ಅದರ ಹೊಗೆಗೆ ಹುಳು ಸತ್ತವು. ನಿನ್ನನ್ನು ಸೊಪ್ಪು ಇಟ್ಟು ಬಾ ಅಂತ ಒಳಗೆ ಕಳಿಸಿದ್ದೂ ನಾನು. ಬೂದಿಯನ್ನು ಒಲೆಗೆ ಸುರಿದಿದ್ದೂ ನಾನು. ನೀನು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ. ಮರದ ಕೆಳಗೆ ನೀನು ತಪ್ಪಾಯ್ತು ಅನ್ನಬೇಡ. ತನುಜಾ, ಇದನ್ನು ನಿಮ್ಮಮ್ಮನಿಗೆ ಗುಟ್ಟಾಗಿ ಓದಬೇಡ. ನಿನ್ನ ಗಂಡನನ್ನೂ ಕೂರಿಸಿಕೊಂಡು ಜೋರಾಗಿ ಓದು, ಅಕ್ಕಪಕ್ಕದವರು ಕೇಳಿದರೂ ಕೇಳಲಿ. ಅವತ್ತು ಊರವರೆಲ್ಲ ಇದ್ದರು.

ಮುನೇಶ್ ಓದಿ ಮುಗಿಸಿದ ಮೇಲೂ ಬಗ್ಗಿಕೊಂಡೇ ನಿಂತಿದ್ದ. "ಸೊಳ್ಳೆ ಬತ್ತಿ," ಎಂದ ಕೊನೆಗೆ, "ನನಗೋಸ್ಕರಾನಾ?"

"ಅದು ಇನ್ನೊಂದು ಹಾಳೇಲಿತ್ತು. ಅದು ಬೇಡ."

"ಅಮ್ಮ, ಒಂದ್ಸಲ ಯೋಚ್ನೆ ಮಾಡು. ಪ್ರಯಾಣದಲ್ಲಿ ಇದಾರೆ. ವಾಪಸ್ ಬರ್ಲಿ, ನಾವೇ ಕಲಬುರಗೀಗೆ ಹೋಗಿ ನಿಧಾನಕ್ಕೆ..."

"ನಿಧಾನಕ್ಕೆ!" ಎಂದಳು. ಚಹಾದಂಗಡಿಯವನು ಸೌಟು ನಿಲ್ಲಿಸಿ ನೋಡಿದ. "ತೆಗಿಯೋ ಫೋಟೊ. ಬೆಳಿಗ್ಗೆಯಿಂದ ಕಲ್ಲು ಕಂಬ ಎಲ್ಲಾ ತೆಗ್ದಿದೀರ. ಕೆಳಗಿನ ಸಾಲು ಕತ್ತರಿಸ್ಬೇಡ, ಪೂರ್ತಿ ಬರ್ಬೇಕು."

ಅವನು ತೆಗೆದ. ಅವಳಿಗೆ ತೋರಿಸಿದ. ಅವಳ ಹೆಬ್ಬೆರಳೂ ಫೋಟೊದ ಮೂಲೆಯಲ್ಲಿ ಬಂದಿತ್ತು. ಅಕ್ಷರ ಎಲ್ಲ ಕಾಣುತ್ತಿತ್ತು. ತನುಜನ ಹೆಸರು ಹುಡುಕಿ ಅವನು ಕೈ ತಡೆದಾಗ ಅವಳೇ ಫೋನು ಇಸಿದುಕೊಂಡು, ಎಲ್ಲಿ ಒತ್ತಬೇಕು ಎಂದು ಕೇಳಿ, ಅಲ್ಲಿ ಒತ್ತಿದಳು. ಮೊದಲ ಸಲಕ್ಕೆ ಹೋಗಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿ ಇನ್ನೊಮ್ಮೆ ಒತ್ತಿದಳು. ಫೋಟೊದ ಕೆಳಗೆ ಒಂದು ಗೀಟು ಬಂತು, ಆಮೇಲೆ ಎರಡು. ಸ್ವಲ್ಪ ಹೊತ್ತಿನ ಮೇಲೆ ಎರಡೂ ನೀಲಿಯಾದವು.

"ಅಮ್ಮ," ಎಂದ ಮುನೇಶ್.

"ಈಗ ಮಾತಾಡ್ಬೇಡ," ಎಂದಳು. "ಅಲ್ಲಿ ಓದ್ತಾ ಇರ್ತಾರೆ."